ಹಡಗಿನಲ್ಲಿ ಊಟ ಬಡಿಸಿದವರಿಗೆ ಬೇರೆ ಟಿಪ್ಸ್ ಕೊಡಬೇಕಾ?

ಕ್ರೂಸ್ ಬುಕ್ ಮಾಡಿದ ನೆಂಟರು, ಸ್ನೇಹಿತರು ಯಾರೇ ಫೋನ್ ಮಾಡಲಿ, ಎಂಥ ಬಟ್ಟೆ ತಗೊಂಡು ಹೋಗಬೇಕು, ವೈಫೈ ತಗೋಬೇಕಾ ಅಂತೆಲ್ಲ ಕೇಳಿದ ಮೇಲೆ ಕೊನೆಗೆ ಈ ಪ್ರಶ್ನೆಗೆ ಬಂದೇ ಬರುತ್ತಾರೆ. ಟಿಪ್ಸ್ ಅಂತ ದಿನಕ್ಕಿಷ್ಟು ಹಾಕಿಯೇ ಇದ್ದಾರಲ್ಲ, ಊಟ ಬಡಿಸುವವರಿಗೆ ಮತ್ತೆ ಬೇರೆ ಕೊಡಬೇಕಾ? ನಾವಿರುವುದು ಹ್ಯೂಸ್ಟನ್‌ನಲ್ಲಿ. ಗ್ಯಾಲ್ವೆಸ್ಟನ್ ಬಂದರು ಇಲ್ಲಿಂದ ಕಾರಿನಲ್ಲಿ ಸುಮಾರು ಒಂದು ಗಂಟೆ. ಊರಿಂದ ಅಪ್ಪ-ಅಮ್ಮ, ಅತ್ತೆ-ಮಾವ ಬಂದಾಗ ಅವರನ್ನು ಹಡಗು ಹತ್ತಿಸುವುದು ನಮ್ಮ ಗುಂಪಿನಲ್ಲಿ ಈಗ ರೂಢಿ. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರ ಬಹಳ ಸಲ ಬಂದಿದೆ. ಫೋನಿನಲ್ಲಿ ಅವಸರದಲ್ಲಿ ಹೇಳಿದ ಉತ್ತರ ಯಾವತ್ತೂ ಸಾಲುವುದಿಲ್ಲ ಅನ್ನಿಸಿ ಇಲ್ಲಿ ಪೂರ್ತಿ ಬರೆಯುತ್ತಿದ್ದೇನೆ.

ನನ್ನ ಉತ್ತರ ಹೌದು. ಊಟದ ಹಾಲ್‌ನಲ್ಲಿ ದಿನಾ ಬಡಿಸಿದವರಿಗೆ ಕೈಯಲ್ಲಿ ಬೇರೆ ಕೊಡಿ. ಅದರಲ್ಲೂ ನೀವು ಸಸ್ಯಾಹಾರಿಗಳಾಗಿದ್ದು, ಅದು ಬೇಡ ಇದು ಬೇಡ ಅಂತ ಅಡುಗೆ ಬದಲಾಯಿಸಿಕೊಂಡು ತಿಂದಿದ್ದರೆ ಕೊಡಲೇಬೇಕು.

ಮೊದಲು ಲೆಕ್ಕ ನೋಡೋಣ. ಅಮೆರಿಕದಿಂದ ಹೊರಡುವ ದೊಡ್ಡ ಹಡಗುಗಳಲ್ಲಿ ತಲೆಗೆ, ದಿನಕ್ಕೆ ಇಷ್ಟು ಅಂತ ಗ್ರಾಚ್ಯುಟಿ, ಅಂದರೆ ಟಿಪ್ಸ್, ತಾನಾಗಿಯೇ ಬಿಲ್ಲಿಗೆ ಸೇರುತ್ತದೆ. ರಾಯಲ್ ಕೆರಿಬಿಯನ್ ಅನ್ನುವ ಹಡಗು ಕಂಪನಿಯಲ್ಲಿ 2024ರ ನವೆಂಬರ್‌ನಲ್ಲಿ ಇದನ್ನು ಸಾಮಾನ್ಯ ಕ್ಯಾಬಿನ್‌ಗೆ 18.50 ಡಾಲರ್, ಸೂಟ್‌ಗೆ 21 ಡಾಲರ್ ಮಾಡಿದರು. ಬೇರೆ ಕಂಪನಿಗಳಲ್ಲೂ ಹೆಚ್ಚು ಕಡಿಮೆ ಇದೇ ಆಸುಪಾಸು. ಮಕ್ಕಳಿಗೂ ಇದು ಲಾಗೂ. ನಾಲ್ಕು ಜನರ ಕುಟುಂಬ, ಏಳು ರಾತ್ರಿ, 18.50ರ ಲೆಕ್ಕ ಅಂದರೆ 518 ಡಾಲರ್. ರೂಪಾಯಿಗೆ ಬದಲಾಯಿಸಿದರೆ ನಲವತ್ತು ಸಾವಿರ ದಾಟುತ್ತದೆ. ಊರಿಂದ ಬಂದ ಹಿರಿಯರಿಗೆ ಈ ಅಂಕಿ ಹೇಳಿ ನೋಡಿ, ಅವರ ಮುಖವೇ ಬದಲಾಗುತ್ತದೆ. ನಮ್ಮ ಮಾವ ಕೇಳಿದ್ದು ಒಂದೇ ಮಾತು. "ಊಟಕ್ಕೆ ದುಡ್ಡು ಕೊಟ್ಟಾಗಿದೆ, ರೂಮಿಗೆ ಕೊಟ್ಟಾಗಿದೆ, ಇದು ಯಾವ ಬಾಬ್ತು?"

ನ್ಯಾಯವಾದ ಪ್ರಶ್ನೆ. ಮಾವ ಜಿಪುಣರಲ್ಲ. ತೀರ್ಥಹಳ್ಳಿಯಲ್ಲಿ ಹೋಟೆಲಿಗೆ ಹೋದರೆ ಬಿಲ್ಲಿನ ತಟ್ಟೆಯಲ್ಲಿ ಸೋಂಪಿನ ಜೊತೆ ಇಪ್ಪತ್ತೋ ಐವತ್ತೋ ಇಟ್ಟೇ ಏಳುವವರು. ಆದರೆ ಅದು ಅವರ ಖುಷಿ. ಬಿಲ್ಲಿನಲ್ಲಿ ಅಚ್ಚು ಹಾಕಿ ವಸೂಲಿ ಮಾಡುವುದು ಅವರಿಗೆ ಒಗ್ಗುವುದಿಲ್ಲ. ನಮ್ಮ ದೇಶದಲ್ಲಿ ಇದಕ್ಕೆ ಕಾನೂನಿನ ಬೆಂಬಲವೂ ಇದೆ. ಹೋಟೆಲುಗಳು ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಕೊಟ್ಟಿತು. ಹೋಟೆಲಿನವರು ಕೋರ್ಟಿಗೆ ಹೋದರು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಆ ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ಇದನ್ನೆಲ್ಲ ಪೇಪರಿನಲ್ಲಿ ಓದಿದವರು ಹಡಗು ಹತ್ತಿದಾಗ, ಇದೂ ಅಂಥದ್ದೇ ಒಂದು ವಸೂಲಿ, ಹೇಳಿದರೆ ತೆಗೆಯುತ್ತಾರೆ ಅಂದುಕೊಳ್ಳುವುದು ಸಹಜ.

ತೆಗೆಯುತ್ತಾರೆ ಕೂಡ, ಅದು ನಿಜ. ಬಹಳಷ್ಟು ಕಂಪನಿಗಳಲ್ಲಿ ಗೆಸ್ಟ್ ಸರ್ವಿಸಸ್ ಕೌಂಟರಿಗೆ ಹೋಗಿ ಕೇಳಿದರೆ ಆ ಸಾಲನ್ನು ಕಡಿಮೆ ಮಾಡುತ್ತಾರೆ, ಇಲ್ಲವೇ ಪೂರ್ತಿ ತೆಗೆಯುತ್ತಾರೆ. ಕೊನೆಯ ರಾತ್ರಿ ಅಲ್ಲಿ ಉದ್ದನೆಯ ಸಾಲು ಇರುತ್ತದೆ. ಅದರಲ್ಲಿ ನಮ್ಮವರೂ ನಿಂತಿರುತ್ತಾರೆ. ನನಗೆ ನಿಜಕ್ಕೂ ಬೇಜಾರಾಗುವುದು ಇಲ್ಲಿ. ಏಳು ದಿನ ಹೆಸರು ಹಿಡಿದು ಕರೆದು, ಮಗುವಿಗೆ ಮೆಣಸು ಹಾಕದೆ ಪಾಸ್ತಾ ತಂದುಕೊಟ್ಟವರ ಪಾಲನ್ನು ಎಂಟನೇ ದಿನ ಬೆಳಿಗ್ಗೆ ಇಳಿಯುವ ಮೊದಲು ವಾಪಸ್ ತಗೊಳ್ಳುವುದು. ಮನೆ ಕೆಲಸದವರ ತಿಂಗಳ ಸಂಬಳ ಹಿಡಿದುಕೊಂಡ ಹಾಗೆ ಅದು. ಯಾಕೆ ಇಷ್ಟು ಗಟ್ಟಿಯಾಗಿ ಹೇಳುತ್ತೇನೆ ಅಂದರೆ ಹಡಗಿನಲ್ಲಿ ಈ ಗ್ರಾಚ್ಯುಟಿ ಸಂಬಳದ ಒಂದು ಭಾಗವೇ ಆಗಿಹೋಗಿದೆ. ಇನಾಮು ಅಂತ ಹೆಸರಿದ್ದರೂ ಅದನ್ನು ನಂಬಿಕೊಂಡೇ ಅವರು ಕಾಂಟ್ರಾಕ್ಟ್‌ಗೆ ಸಹಿ ಹಾಕಿರುತ್ತಾರೆ.

ಇದು ಹೇಗಾಯಿತು ಅಂತ ತಿಳಿದುಕೊಳ್ಳಬೇಕಾದರೆ ಹಡಗಿನ ಹಿಂಭಾಗ ನೋಡಬೇಕು. ಅಲ್ಲಿ ಊರಿನ ಹೆಸರು ಬರೆದಿರುತ್ತದೆ. ನಸ್ಸಾವು, ಪನಾಮಾ, ಹ್ಯಾಮಿಲ್ಟನ್, ವಲೆಟಾ. ಕಂಪನಿ ಫ್ಲಾರಿಡಾದ್ದು, ಹತ್ತುವವರು ಟೆಕ್ಸಸ್‌ನವರು, ಆದರೆ ಹಡಗು ನೋಂದಣಿಯಾಗಿರುವುದು ಬಹಾಮಾಸ್‌ನಲ್ಲೋ ಪನಾಮಾದಲ್ಲೋ. ನೋಂದಣಿಯಾದ ದೇಶದ ಬಾವುಟವನ್ನೇ ಹಡಗು ಹಾರಿಸುತ್ತದೆ, ಕೆಲಸದ ಕಾನೂನೂ ಆ ಬಾವುಟದ ದೇಶದ್ದೇ. ಅಮೆರಿಕದ ಕನಿಷ್ಠ ಕೂಲಿಯ ಕಾನೂನು ಅಲ್ಲಿ ನಡೆಯುವುದಿಲ್ಲ. ಅಮೆರಿಕದ ಬಾವುಟ ಹಾರಿಸುವ ದೊಡ್ಡ ಕ್ರೂಸ್ ಹಡಗು ಅಂದರೆ ಹವಾಯಿಯ ಸುತ್ತ ಓಡಾಡುವ ಪ್ರೈಡ್ ಆಫ್ ಅಮೆರಿಕ ಒಂದೇ. ಹಾಗಂತ ದಡದ ಮೇಲಿನ ಅಮೆರಿಕ ಏನು ದೊಡ್ಡ ಮಾದರಿಯಲ್ಲ. ಟಿಪ್ಸ್ ಸಿಗುವ ಕೆಲಸದವರಿಗೆ ಕೇಂದ್ರದ ಕಾನೂನಿನ ಪ್ರಕಾರ ಗಂಟೆಗೆ 2.13 ಡಾಲರ್ ಕೊಟ್ಟರೂ ಸಾಕು ಅಂತ 1991ರಿಂದ ಹಾಗೇ ಇದೆ, ಟೆಕ್ಸಸ್‌ನಲ್ಲಿ ನಡೆಯುವುದೂ ಅದೇ. ಉಳಿದದ್ದು ಗಿರಾಕಿಯ ಜೇಬಿನಿಂದ ಬರಬೇಕು. ಈ ಅಭ್ಯಾಸವೇ ಹಡಗು ಹತ್ತಿಕೊಂಡು ಸಮುದ್ರಕ್ಕೆ ಹೋಗಿದೆ.

ಕೆಲಸದ ಗಂಟೆಗಳ ಬಗ್ಗೆಯೂ ಹೇಳಬೇಕು. ಹಡಗಿನ ಕೆಲಸಗಾರರಿಗೆಂದೇ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2006ರಲ್ಲಿ ಒಂದು ಒಪ್ಪಂದ ಮಾಡಿತು. ಅದು ಜಾರಿಗೆ ಬಂದದ್ದು 2013ರ ಆಗಸ್ಟ್‌ನಲ್ಲಿ. ಒಳ್ಳೆಯ ಒಪ್ಪಂದವೇ. ಆದರೆ ಅದರಲ್ಲಿನ ವಿಶ್ರಾಂತಿಯ ನಿಯಮ ನೋಡಿ. 24 ಗಂಟೆಯಲ್ಲಿ ಕನಿಷ್ಠ 10 ಗಂಟೆ, ವಾರದಲ್ಲಿ ಕನಿಷ್ಠ 77 ಗಂಟೆ. ವಾರಕ್ಕಿರುವುದು 168 ಗಂಟೆ. ಅಂದರೆ ವಿಶ್ರಾಂತಿಯ ಈ ಲೆಕ್ಕ ಹಿಡಿದರೆ ವಾರಕ್ಕೆ 91 ಗಂಟೆ ದುಡಿಸಿದರೂ ನಿಯಮ ಮುರಿದ ಹಾಗಲ್ಲ. ಕಾಂಟ್ರಾಕ್ಟ್ ಆರು, ಏಳು, ಎಂಟು ತಿಂಗಳು ಇರುತ್ತದೆ. ಅಷ್ಟೂ ದಿನ ಭಾನುವಾರ ಅಂತ ಒಂದು ರಜೆ ಇಲ್ಲ. ರಾತ್ರಿ ಎರಡನೇ ಪಂಕ್ತಿ ಮುಗಿಸಿ, ಮೇಜು ಒರೆಸಿ, ಮರುದಿನದ ಚಾಕು-ಫೋರ್ಕ್ ಜೋಡಿಸಿ ಮಲಗಿದವರೇ ಬೆಳಿಗ್ಗೆ ತಿಂಡಿಗೆ ಮತ್ತೆ ನಗುತ್ತಾ ನಿಂತಿರುತ್ತಾರೆ.

ಇದರ ಬಗ್ಗೆ ಗಲಾಟೆಯೂ ಆಗಿದೆ. 2012ರಲ್ಲಿ ಬ್ರಿಟನ್‌ನ ಪಿ ಅಂಡ್ ಓ ಹಡಗುಗಳಲ್ಲಿ ಕೆಲವು ಸಿಬ್ಬಂದಿಯ ಮೂಲ ಸಂಬಳ ತಿಂಗಳಿಗೆ 250 ಪೌಂಡ್, ಅಂದರೆ ಗಂಟೆಗೆ ಸುಮಾರು 75 ಪೆನ್ಸ್ ಅಂತ ಅಲ್ಲಿನ ಪತ್ರಿಕೆಗಳು ಬರೆದವು. ಆಗ ಬ್ರಿಟನ್‌ನ ನೆಲದ ಮೇಲೆ ಕನಿಷ್ಠ ಕೂಲಿ ಗಂಟೆಗೆ 6 ಪೌಂಡ್‌ಗಿಂತ ಜಾಸ್ತಿ ಇತ್ತು. ಅದೇ ವರ್ಷ ಅದೇ ಕಂಪನಿಯ ಆರ್ಕೇಡಿಯಾ ಹಡಗಿನ ಭಾರತೀಯ ಸಿಬ್ಬಂದಿ ಸಿಯಾಟಲ್ ಬಂದರಿನಲ್ಲಿ ಸಂಬಳದ ವಿಷಯಕ್ಕೆ ಪ್ರತಿಭಟನೆ ಮಾಡಿದರು. ಅವರನ್ನು ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲಿಲ್ಲ ಅಂತಲೂ ಸುದ್ದಿ ಬಂತು. ನಮ್ಮ ದೇಶದ ಹುಡುಗರು. ಆ ಸುದ್ದಿ ನನ್ನ ತಲೆಯಿಂದ ಇವತ್ತಿಗೂ ಹೋಗಿಲ್ಲ.

ಮೊದಲೆಲ್ಲ ಹಡಗಿನಲ್ಲಿ ಲಕೋಟೆಯ ಪದ್ಧತಿ ಇತ್ತು. ಕೊನೆಯ ದಿನ ಕ್ಯಾಬಿನ್‌ಗೆ ಲಕೋಟೆಗಳು ಬರುತ್ತಿದ್ದವು. ವೇಟರ್‌ಗೆ ಇಷ್ಟು, ಅಸಿಸ್ಟೆಂಟ್ ವೇಟರ್‌ಗೆ ಇಷ್ಟು, ಹೆಡ್ ವೇಟರ್‌ಗೆ ಇಷ್ಟು, ರೂಮು ನೋಡಿಕೊಂಡವರಿಗೆ ಇಷ್ಟು ಅಂತ ಒಂದು ಅಂದಾಜು ಕೊಡುತ್ತಿದ್ದರು. ಜನ ದುಡ್ಡು ತುಂಬಿ ಊಟದ ಮೇಜಿನಲ್ಲೇ ಕೊಡುತ್ತಿದ್ದರು. ಕೆಲವರು ಕೊನೆಯ ರಾತ್ರಿ ಊಟಕ್ಕೇ ಬರುತ್ತಿರಲಿಲ್ಲವಂತೆ. ಬಫೆ ದೊಡ್ಡದಾದ ಮೇಲೆ, ದಿನಕ್ಕೊಂದು ಮೇಜಿನಲ್ಲಿ ಕೂರುವ ಪದ್ಧತಿ ಬಂದ ಮೇಲೆ ಯಾರಿಗೆ ಲಕೋಟೆ ಕೊಡುವುದು ಅನ್ನುವುದೇ ಗೊಂದಲವಾಯಿತು. ಒಂದೊಂದೇ ಕಂಪನಿ ತಾನಾಗಿ ಬಿಲ್ಲಿಗೆ ಸೇರಿಸುವ ಪದ್ಧತಿಗೆ ಬಂತು. ರಾಯಲ್ ಕೆರಿಬಿಯನ್ ಬಂದದ್ದು 2013ರಲ್ಲಿ. ಈಗ ಈ ದುಡ್ಡು ಊಟದ ಹಾಲ್, ರೂಮು ಮತ್ತು ತೆರೆಮರೆಯ ಹೋಟೆಲ್ ವಿಭಾಗದವರಿಗೆಲ್ಲ ಹಂಚಿಕೆಯಾಗುತ್ತದೆ ಅಂತ ಕಂಪನಿಗಳು ಹೇಳುತ್ತವೆ. ನನಗೆ ಇದು ಲಕೋಟೆಗಿಂತ ಒಳ್ಳೆಯದು ಅನ್ನಿಸುತ್ತದೆ. ಬಫೆಯಲ್ಲಿ ಎಂಜಲು ತಟ್ಟೆ ಎತ್ತುವವರಿಗೆ ಯಾರೂ ಲಕೋಟೆ ಕೊಡುತ್ತಿರಲಿಲ್ಲ.

ಕೆಲವರು ಇನ್ನೊಂದು ವಾದ ಮಾಡುತ್ತಾರೆ. ಬಿಲ್ಲಿನಿಂದ ತೆಗೆಸಿ, ನಮಗೆ ಬೇಕಾದವರ ಕೈಗೇ ಕೊಡುತ್ತೇವೆ, ಪೂರ್ತಿ ಅವರಿಗೇ ಸಿಗಲಿ ಅಂತ. ಒಳ್ಳೆಯ ಮನಸ್ಸಿನಿಂದಲೇ ಹೇಳುವ ಮಾತು. ಆದರೆ ಬಿಲ್ಲಿನ ಗ್ರಾಚ್ಯುಟಿ ತೆಗೆಸಿದ ಕ್ಯಾಬಿನ್‌ನವರು ಕೈಯಲ್ಲಿ ಕೊಟ್ಟ ದುಡ್ಡನ್ನು ಸಿಬ್ಬಂದಿ ಎಲ್ಲರ ಹಂಚಿಕೆಗೆ ಒಪ್ಪಿಸಬೇಕು ಅನ್ನುವ ನಿಯಮ ಕೆಲವು ಕಂಪನಿಗಳಲ್ಲಿ ಇದೆ. ಬಿಲ್ಲಿನದ್ದು ಹಾಗೇ ಬಿಟ್ಟು ಮೇಲೆ ಕೊಟ್ಟರೆ ಮಾತ್ರ ಅದು ಅವರದ್ದೇ. ಅದಕ್ಕೇ ಮೊದಲು ಬಿಲ್ಲಿನದ್ದನ್ನು ಮುಟ್ಟಬೇಡಿ ಅನ್ನುವುದು.

ಇನ್ನು ಮೇಲೆ ಯಾಕೆ ಕೊಡಬೇಕು ಅನ್ನುವುದಕ್ಕೆ ಬರುತ್ತೇನೆ. ನಾನು ಹೇಳಬೇಕು ಅಂದುಕೊಂಡ ಮುಖ್ಯ ವಿಷಯ ಇದೇ.

ನಮ್ಮ ಅತ್ತೆ ಈರುಳ್ಳಿ ಬೆಳ್ಳುಳ್ಳಿ ತಿನ್ನುವುದಿಲ್ಲ. ಏಕಾದಶಿಗೆ ಅನ್ನವೂ ಇಲ್ಲ. ಮೊಟ್ಟೆ ಹಾಕಿದ ಕೇಕು ಮುಟ್ಟುವುದಿಲ್ಲ. ಅವರನ್ನು ಹಡಗು ಹತ್ತಿಸುವಾಗ ಅವಲಕ್ಕಿ, ಚಟ್ನಿಪುಡಿ, ಖಾಕ್ರಾ ಎಲ್ಲ ಕಟ್ಟಿಕೊಂಡೇ ಹೋಗಿದ್ದೆವು. ಮೊದಲ ರಾತ್ರಿ ಊಟದ ಹಾಲ್‌ನಲ್ಲಿ ಕೂತು, ಮೆನು ನೋಡಿ ನಾನು ಒಂದೊಂದಾಗಿ ವಿವರಿಸುತ್ತಿದ್ದಾಗ ಹೆಡ್ ವೇಟರ್ ಬಂದರು. ಅತ್ತೆಯ ಹಣೆಯ ಕುಂಕುಮ, ಸೀರೆ ನೋಡಿ ಇಂಗ್ಲಿಷಿನಲ್ಲೇ ಯಾವ ಕಡೆಯವರು ಅಂತ ಕೇಳಿದರು. ಶಿವಮೊಗ್ಗದ ಕಡೆ ಅಂದ ಕೂಡಲೇ ಭಾಷೆ ಬದಲಾಯಿತು. "ಅಮ್ಮ, ನಮ್ಮದು ಕಾರ್ಕಳ. ನೀವು ಏನು ತಿನ್ನುವುದಿಲ್ಲ ಅಂತ ಒಮ್ಮೆ ಸರಿಯಾಗಿ ಹೇಳಿ, ನಾಳೆಯಿಂದ ನಾನು ನೋಡಿಕೊಳ್ತೇನೆ. ಇವತ್ತಿಗೆ ಬೇಳೆಯದ್ದು ಒಂದು ಉಂಟು, ಈರುಳ್ಳಿ ಹಾಕದೆ ಮಾಡಿಸ್ತೇನೆ." ಅತ್ತೆ ಅವರ ಮನೆಯವರ ಬಗ್ಗೆ, ಮಗಳ ಶಾಲೆ ಬಗ್ಗೆ ಎಲ್ಲ ವಿಚಾರಿಸಿದರು. "ನೀವು ಯಾವಾಗಪ್ಪ ಊಟ ಮಾಡೋದು?" ಅಂತ ಕೇಳಿದರು. "ನಿಮ್ಮದೆಲ್ಲ ಆದ ಮೇಲೆ ಅಮ್ಮ" ಅಂದರು ಅವರು.

ಅವತ್ತಿಂದ ದಿನಾ ರಾತ್ರಿ ಮರುದಿನದ ಊಟ ನಿಗದಿಯಾಗುತ್ತಿತ್ತು. ಹಡಗಿನ ಅಡುಗೆಮನೆ ನಮ್ಮ ಹೋಟೆಲಿನ ಅಡುಗೆಮನೆಯ ಥರ ಅಲ್ಲ. ಸಾಮಾನು ಮೊದಲ ದಿನ ಬಂದರಿನಲ್ಲೇ ತುಂಬಿರುತ್ತದೆ. ಸಾವಿರಾರು ಜನಕ್ಕೆ ಏನು ಅಡುಗೆ ಅನ್ನುವುದು ಮೊದಲೇ ಗೊತ್ತಾಗಿರುತ್ತದೆ. ಅದರ ನಡುವೆ ಒಬ್ಬ ಅಜ್ಜಿಗೆ ಈರುಳ್ಳಿ ಇಲ್ಲದ ಪಲ್ಯ, ಬೇರೆ ಬಾಣಲೆ, ಬೇರೆ ಸೌಟು ಅಂದರೆ ಯಾರೋ ಒಬ್ಬರು ಹೋಗಿ ಹೇಳಿ, ನೆನಪಿಸಿ, ಕಾದು ನಿಂತು ತರಬೇಕು. ಅದೇ ಹೊತ್ತಿಗೆ ಅವರ ಉಳಿದ ಮೇಜುಗಳಲ್ಲೂ ಜನ ಕಾಯುತ್ತಿರುತ್ತಾರೆ. ಮೆನುವಿನಲ್ಲಿದ್ದದ್ದನ್ನು ತಂದು ಕೊಡುವುದಕ್ಕೆ ಬಿಲ್ಲಿನ ಗ್ರಾಚ್ಯುಟಿ ಸಾಕು ಅಂತಿಟ್ಟುಕೊಳ್ಳೋಣ. ಮೆನುವಿನಲ್ಲಿ ಇಲ್ಲದ್ದನ್ನು ಮಾಡಿಸಿ ತಂದದ್ದಕ್ಕೆ ಯಾರು ಕೊಡುವುದು? ಕಂಪನಿ ಕೊಡುವುದಿಲ್ಲ. ಕೇಳಿದವರು ನಾವು, ನಾವೇ ಕೊಡಬೇಕು.

ಕಾರ್ಕಳದವರು ಸಿಕ್ಕಿದ್ದು ನಮ್ಮ ಅದೃಷ್ಟ ಅನ್ನಬಹುದು, ಆದರೆ ಅದು ಅಷ್ಟೇನೂ ಅಪರೂಪವಲ್ಲ. ಗೋವಾ, ಮಂಗಳೂರು, ಉಡುಪಿ, ಮುಂಬೈ, ಕೇರಳದ ಕಡೆಯ ಹುಡುಗರು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗು ಸೇರುವುದು ಬಹಳ ಹಿಂದಿನಿಂದ ಇದೆ. ಮಂಗಳೂರಿನ ಕಡೆ ಯಾರನ್ನೇ ಕೇಳಿ, ಅಣ್ಣನೋ ಬಾವನೋ ಪಕ್ಕದ ಮನೆಯವರೋ "ಶಿಪ್ಪಿನಲ್ಲಿ" ಇರುತ್ತಾರೆ. ಆ ದುಡ್ಡಿನಲ್ಲಿ ಮನೆ ಎದ್ದಿರುತ್ತದೆ, ತಂಗಿಯ ಮದುವೆ ಆಗಿರುತ್ತದೆ. ಚಳಿಗಾಲದಲ್ಲಿ ನವಮಂಗಳೂರು ಬಂದರಿಗೆ ವಿದೇಶದ ಕ್ರೂಸ್ ಹಡಗುಗಳು ಬರುತ್ತವೆ. ಪ್ರವಾಸಿಗರು ಕುದ್ರೋಳಿ ದೇವಸ್ಥಾನ, ಮೂಡುಬಿದಿರೆಯ ಸಾವಿರ ಕಂಬದ ಬಸದಿ ನೋಡಿಕೊಂಡು ಸಂಜೆಗೆ ಹಡಗಿಗೆ ವಾಪಸ್ ಹೋಗುತ್ತಾರೆ. ಅದೇ ಹಡಗಿನ ಒಳಗೆ ಅದೇ ಊರಿನ ಹುಡುಗ ಪ್ಲೇಟು ಜೋಡಿಸುತ್ತಾ, ಮನೆ ಅರ್ಧ ಗಂಟೆಯ ದೂರದಲ್ಲಿದ್ದರೂ ಇಳಿಯಲಾಗದೆ ಇರಬಹುದು ಅಂತ ಯೋಚಿಸಿದರೆ ನನಗೆ ಸಂಕಟವಾಗುತ್ತದೆ.

ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಕನ್ನಡ ಮಾತಾಡಿದವರ ಕೈಗೆ ಮಾತ್ರ ನೋಟು ತುರುಕಿ ಬರುವುದು ಸರಿಯಲ್ಲ. ನಮ್ಮ ಮೇಜಿಗೆ ನೀರು, ಬ್ರೆಡ್ಡು ತಂದು, ಭಾರದ ಟ್ರೇ ಹೊತ್ತು, ತಟ್ಟೆ ಎತ್ತಿದವರು ಇಂಡೋನೇಷ್ಯಾದ ಒಬ್ಬ ಹುಡುಗಿ. ಅಸಿಸ್ಟೆಂಟ್ ವೇಟರ್. ಅತ್ತೆಗೆ ಬಿಸಿನೀರು ಬೇಕು ಅಂತ ಎರಡನೇ ದಿನದಿಂದ ಯಾರೂ ಹೇಳಲಿಲ್ಲ, ನಾವು ಕೂರುವ ಮೊದಲೇ ಲೋಟದಲ್ಲಿ ಇರುತ್ತಿತ್ತು. ವೇಟರ್ ಫಿಲಿಪೈನ್ಸ್‌ನವರು. ನಮ್ಮವರು ಹೆಡ್ ವೇಟರ್‌ಗೆ ಕೊಟ್ಟು ಉಳಿದ ಇಬ್ಬರಿಗೆ ಥ್ಯಾಂಕ್ಯೂ ಹೇಳಿ ಹೋಗುವುದನ್ನು ಬೇರೆ ಮೇಜುಗಳಲ್ಲಿ ನೋಡಿದ್ದೇನೆ. ಭಾಷೆಯ ಸಲಿಗೆ ನನಗೂ ಅರ್ಥವಾಗುತ್ತದೆ. ಆದರೂ ನಾನು ವೇಟರ್‌ಗೂ ಅಸಿಸ್ಟೆಂಟ್‌ಗೂ ಸಮ ಕೊಡುತ್ತೇನೆ, ಹೆಡ್ ವೇಟರ್ ನಿಜವಾಗಿ ಓಡಾಡಿದ್ದರೆ ಅವರಿಗೂ ಅಷ್ಟೇ.

ಎಷ್ಟು ಅಂತ ಕೇಳುತ್ತೀರಿ, ಅಲ್ವಾ? ನಾನು ಇಟ್ಟುಕೊಂಡಿರುವ ಅಳತೆ ಹೇಳುತ್ತೇನೆ. ವಾರದ ಪ್ರವಾಸಕ್ಕೆ ನಾಲ್ಕು ಜನರ ಮೇಜಿನಿಂದ ಒಬ್ಬೊಬ್ಬರಿಗೆ 30ರಿಂದ 50 ಡಾಲರ್. ಮೆನುವಿನಲ್ಲಿ ಇದ್ದದ್ದನ್ನೇ ತಿಂದು, ವಿಶೇಷವಾಗಿ ಏನೂ ಕೇಳದಿದ್ದರೆ 20 ಕೊಟ್ಟರೂ ಸಾಕು. ಕೈ ಬಿಗಿಯಿದ್ದರೆ ಕೊಡದೇ ಇದ್ದರೂ ತಪ್ಪಿಲ್ಲ. ಸಾಲ ಮಾಡಿ, ಕೂಡಿಟ್ಟು ಅಪ್ಪ-ಅಮ್ಮನನ್ನು ಕರೆದುಕೊಂಡು ಬಂದ ಕುಟುಂಬ ಬಿಲ್ಲಿನ ಗ್ರಾಚ್ಯುಟಿ ಪೂರ್ತಿ ಕಟ್ಟಿ ಇಳಿದರೆ ಅವರು ತಮ್ಮ ಪಾಲು ಕೊಟ್ಟಾಗಿದೆ. ಯಾರೂ ಅವರನ್ನು ಕಡಿಮೆ ಅಂದುಕೊಳ್ಳಬಾರದು.

ಎಲ್ಲಿ ಕೊಡಬಾರದು ಅಂತಲೂ ನನಗೆ ಸ್ಪಷ್ಟ ಅಭಿಪ್ರಾಯ ಇದೆ. ಬೇರೆ ದುಡ್ಡು ಕೊಟ್ಟು ಹೋಗುವ ಸ್ಪೆಷಾಲಿಟಿ ರೆಸ್ಟೋರೆಂಟುಗಳಲ್ಲಿ, ಬಾರಿನಲ್ಲಿ, ಜ್ಯೂಸು-ಕಾಫಿಗೆ ಕೂಡ ಸಾಮಾನ್ಯವಾಗಿ ಶೇಕಡಾ 18ರಿಂದ 20 ಸೇರಿಸಿಯೇ ಬಿಲ್ಲು ಮಾಡಿರುತ್ತಾರೆ. ಅದರ ಮೇಲೆ ರಸೀದಿಯಲ್ಲಿ ಮತ್ತೊಂದು ಖಾಲಿ ಗೆರೆ. "ಅಡಿಷನಲ್ ಟಿಪ್" ಅಂತ. ಊರಿಂದ ಬಂದವರು ಅದನ್ನು ನೋಡಿ ತುಂಬಲೇಬೇಕೇನೋ ಅಂತ ಗಾಬರಿಯಾಗುತ್ತಾರೆ. ತುಂಬಬೇಡಿ. ಗೆರೆ ಎಳೆದು ಸಹಿ ಹಾಕಿ. ಒಂದೇ ಊಟಕ್ಕೆ ಎರಡು ಸಲ ಕೇಳುವ ಆ ಗೆರೆಯ ಬಗ್ಗೆ ನನಗೆ ಸಿಟ್ಟಿದೆ, ಅದು ಮುಜುಗರದಿಂದ ದುಡ್ಡು ಕೀಳುವ ದಾರಿ. ಅಲ್ಲಿ ಬಡಿಸಿದವರು ನಿಜವಾಗಿ ಮನಸ್ಸು ಗೆದ್ದರೆ ಐದೋ ಹತ್ತೋ ಡಾಲರ್ ಕೈಯಲ್ಲಿ ಕೊಡಿ.

ನನ್ನ ಗಂಡ ಇದನ್ನೆಲ್ಲ ಒಪ್ಪುವುದಿಲ್ಲ. ಅವರ ವಾದ ಏನೆಂದರೆ, ನಾವು ಹೀಗೆ ತುಂಬಿಕೊಡುತ್ತಾ ಹೋದರೆ ಕಂಪನಿ ಯಾವತ್ತಿಗೂ ಸರಿಯಾದ ಸಂಬಳ ಕೊಡುವುದಿಲ್ಲ. ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ, ಯಾಕೆಂದರೆ ಅವರು ಹೇಳುವುದರಲ್ಲಿ ಸತ್ಯ ಇದೆ. ಬೇರೆ ದಾರಿ ಇದೆ ಅನ್ನುವುದೂ ಗೊತ್ತಾಗಿದೆ. 2012ರಲ್ಲಿ ಅಷ್ಟು ಟೀಕೆ ಕೇಳಿದ ಅದೇ ಪಿ ಅಂಡ್ ಓ 2019ರಲ್ಲಿ ದಿನದ ಗ್ರಾಚ್ಯುಟಿಯನ್ನೇ ತೆಗೆದು ಟಿಕೆಟ್ಟಿನ ದರದಲ್ಲಿ ಸೇರಿಸಿತು. ಸಿಲ್ವರ್‌ಸೀ, ಸೀಬರ್ನ್, ರೀಜೆಂಟ್‌ನಂಥ ದುಬಾರಿ ಹಡಗುಗಳಲ್ಲೂ ಟಿಕೆಟ್ಟಿನಲ್ಲೇ ಸೇರಿರುತ್ತದೆ. ಎಲ್ಲ ಕಂಪನಿಗಳೂ ಹೀಗೇ ಮಾಡಲಿ ಅಂತ ನನ್ನ ಆಸೆ. ಟಿಕೆಟ್ಟಿನ ದರ ಕಡಿಮೆ ತೋರಿಸಿ, ಬಡಿಸುವವರ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆದು, ಅದನ್ನು ಹೊಡೆದು ಹಾಕುವ ಅಧಿಕಾರವನ್ನು ಪ್ರಯಾಣಿಕರ ಕೈಗೆ ಕೊಡುವುದು ಕೆಟ್ಟ ಪದ್ಧತಿ. ಆದರೆ ನಾನು ಕೊಡದಿದ್ದರೆ ಕಂಪನಿಗೆ ಪಾಠವಾಗುವುದಿಲ್ಲ. ಮಿಯಾಮಿಯ ಆಫೀಸಿನಲ್ಲಿ ಕೂತವರಿಗೆ ಅದು ಗೊತ್ತೂ ಆಗುವುದಿಲ್ಲ. ಗೊತ್ತಾಗುವುದು ಆ ಅಸಿಸ್ಟೆಂಟ್ ವೇಟರ್ ಹುಡುಗಿಗೆ ಮಾತ್ರ. ಪದ್ಧತಿ ಬದಲಾಗುವವರೆಗೆ ಅವಳ ಖರ್ಚಿನಲ್ಲಿ ನಾನು ಹೋರಾಟ ಮಾಡಲಾರೆ.

ಇನ್ನು ಕೊಡುವ ರೀತಿ. ಹತ್ತುವ ಮೊದಲೇ ಬ್ಯಾಂಕಿನಿಂದ ಹತ್ತು, ಇಪ್ಪತ್ತರ ನೋಟು ತಂದಿಟ್ಟುಕೊಳ್ಳಿ. ಹಡಗಿನ ಎಟಿಎಂನಲ್ಲಿ ಸುಮ್ನೆ ಶುಲ್ಕ ದಂಡ. ಮೊದಲ ದಿನವೇ ಕೊಟ್ಟು ಚೆನ್ನಾಗಿ ನೋಡಿಕೊಳ್ಳಿ ಅನ್ನುವುದು ನನಗೆ ಇಷ್ಟವಿಲ್ಲ, ಅದು ಲಂಚದ ಥರ ಕಾಣುತ್ತದೆ. ಕೊನೆಯ ರಾತ್ರಿಯವರೆಗೂ ಕಾಯಬೇಡಿ, ಆ ರಾತ್ರಿ ಎಲ್ಲರಿಗೂ ಗಡಿಬಿಡಿ. ಅದರ ಹಿಂದಿನ ರಾತ್ರಿ ಊಟ ಮುಗಿದ ಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ, ಹೆಸರು ಹೇಳಿ ಕೊಡಿ. ಸಾಧ್ಯವಾದರೆ ಮನೆಯ ಹಿರಿಯರ ಕೈಯಿಂದ ಕೊಡಿಸಿ. ಬಿಲ್ಲು ನೋಡಿ ಪ್ರಶ್ನೆ ಕೇಳಿದ ನಮ್ಮ ಮಾವ ಆ ಮೂವರಿಗೂ ತಾವೇ ಕೊಡುತ್ತೇನೆ ಅಂದರು, ಲಕೋಟೆ ಎಲ್ಲಿ ಸಿಗುತ್ತೆ ಅಂತ ಅವತ್ತು ಬೆಳಿಗ್ಗೆಯಿಂದ ಹುಡುಕುತ್ತಿದ್ದರು. ನಗದು ಅವರಿಗೆ ತಕ್ಷಣ ಉಪಯೋಗಕ್ಕೆ ಬರುತ್ತದೆ. ಗ್ಯಾಲ್ವೆಸ್ಟನ್‌ನಲ್ಲಿ ಹಡಗಿನ ಕೆಲಸದವರಿಗೆಂದೇ ಒಂದು ಸೀಫೇರರ್ಸ್ ಸೆಂಟರ್ ಇದೆ. ಹಡಗು ಬಂದ ದಿನ ಸಿಗುವ ಸ್ವಲ್ಪ ಹೊತ್ತಿನಲ್ಲಿ ಇಂಥ ಕಡೆ ಕೂತು ಮನೆಗೆ ಫೋನ್ ಮಾಡುವುದು, ಸೋಪು ಶಾಂಪೂ ತರುವುದು, ದುಡ್ಡು ಕಳಿಸುವುದು ಎಲ್ಲ ಆಗಬೇಕು.

ಜೊತೆಗೆ ಅವರ ಹೆಸರು, ಮೇಜಿನ ನಂಬರು ಒಂದು ಚೀಟಿಯಲ್ಲಿ ಬರೆದುಕೊಂಡು ಬನ್ನಿ. ಇಳಿದ ಮೇಲೆ ಇಮೇಲಿನಲ್ಲಿ ಒಂದು ಸರ್ವೆ ಬರುತ್ತದೆ. ಬಹಳ ಜನ ಅದನ್ನು ತೆರೆಯುವುದೇ ಇಲ್ಲ. ತೆರೆದು, ಯಾರು ಏನು ಮಾಡಿದರು ಅಂತ ಹೆಸರು ಹಾಕಿ ಬರೆಯಿರಿ, ಅಡುಗೆಮನೆಯವರನ್ನೂ ಸೇರಿಸಿ. ಅಸಿಸ್ಟೆಂಟ್ ವೇಟರ್ ಒಬ್ಬರು ವೇಟರ್ ಆಗುವಾಗ, ಮುಂದಿನ ಕಾಂಟ್ರಾಕ್ಟ್ ಸಿಗುವಾಗ ಇಂಥ ಮಾತುಗಳು ಲೆಕ್ಕಕ್ಕೆ ಬರುತ್ತವೆ ಅಂತ ಆ ಕಾರ್ಕಳದವರೇ ಹೇಳಿದ್ದರು.